ಬೂತಾಯಿ ಮತ್ತು ಎಲ್ ನಿನೊ: ಗ್ರಾಫ್ ಎಲ್ಲಿಗೆ ಬಂತು?

ಎಲ್ ನಿನೊ ಬಂದರೆ ಬೂತಾಯಿ ಮೀನು ಕಡಿಮೆಯಾಗುತ್ತದಾ ಅಂತ ನೋಡಲು ಹಾಕುತ್ತಿರುವ ಗ್ರಾಫಿನ ಮೊದಲ ಸುತ್ತು ಮುಗಿಯಿತು. (ಕುಂದಾಪುರದವರು ಬೈಗೆ ಅಂತ ಓದಿಕೊಳ್ಳಿ, ಕಾರವಾರದವರು ತಾರ್ಲೆ.) ಒಂದು ಗೆರೆ ಕೇರಳದಲ್ಲಿ ವರ್ಷ ವರ್ಷ ಸಿಕ್ಕ ಮೀನು, ಕೊಚ್ಚಿಯ ಸಿಎಂಎಫ್‌ಆರ್‌ಐ (ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ) ಅಂದಾಜು. ಇನ್ನೊಂದು ಗೆರೆ ಪೆಸಿಫಿಕ್ ಸಾಗರದ ನಡುವಿನ ನೀರು ಮಾಮೂಲಿಗಿಂತ ಎಷ್ಟು ಬಿಸಿ ಅನ್ನುವುದು. ಅರ್ಧ ಡಿಗ್ರಿ ಜಾಸ್ತಿಯಾಗಿ ತಿಂಗಳುಗಟ್ಟಲೆ ನಿಂತರೆ ಎಲ್ ನಿನೊ, ಅಷ್ಟೇ ಕಡಿಮೆಯಾಗಿ ನಿಂತರೆ ಲಾ ನಿನಾ. ಕರ್ನಾಟಕದ ಅಂಕಿಗಳು ಮುಂದಿನ ಸುತ್ತಿಗೆ.

ಮೊದಲ ಭಾಗ ಚೆನ್ನಾಗಿ ಹೊಂದುತ್ತದೆ. 2012ರಲ್ಲಿ ಸುಮಾರು 3.9 ಲಕ್ಷ ಟನ್. 2015-16ರ ಎಲ್ ನಿನೊದಲ್ಲಿ ಬಿಸಿ 2.5 ಡಿಗ್ರಿ ದಾಟಿತು, 2016ರಲ್ಲಿ ಮೀನು 50 ಸಾವಿರ ಟನ್ನಿಗಿಂತ ಕೆಳಗೆ. ಇಲ್ಲಿಗೇ ನಿಲ್ಲಿಸಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಅಲ್ವಾ? ಆದರೆ 2021 ಬಿಡುವುದಿಲ್ಲ. ಅದು ಲಾ ನಿನಾ ಕಾಲ, ಸಿಕ್ಕಿದ್ದು ಬರೀ 3,297 ಟನ್! 2022ರಲ್ಲೂ ಲಾ ನಿನಾವೇ, ಮೀನು ಮಾತ್ರ ಒಂದು ಲಕ್ಷ ಟನ್ ಮುಟ್ಟಿತು. 2023ರಲ್ಲಿ ಎಲ್ ನಿನೊ ಬಂದರೂ ಇಳಿಯಲಿಲ್ಲ.

ಪೆಸಿಫಿಕ್‌ಗೂ ಬೂತಾಯಿಗೂ ನಡುವೆ ನಮ್ಮ ಮುಂಗಾರು ಇದೆ. ಅದರ ಗಾಳಿಗೆ ದಡದ ಮೇಲ್ನೀರು ಹೊರಕಡಲಿಗೆ ಸರಿಯುತ್ತದೆ. ಕೆಳಗಿನ ತಂಪು ನೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ. ಆಗ ಡಯಾಟಮ್ ಅನ್ನುವ ಸೂಕ್ಷ್ಮ ಪಾಚಿ ಹುಲುಸಾಗುತ್ತದೆ, ಬೂತಾಯಿಯ ಮುಖ್ಯ ಊಟ ಅದು. ಮೊಟ್ಟೆ ಇಡುವುದೂ ಮಳೆಗಾಲದಲ್ಲೇ. ಈ ಮೀನು ಬದುಕುವುದೇ ಎರಡೂವರೆ ವರ್ಷದ ಆಸುಪಾಸು. ಹಾಗಾಗಿ ಒಂದು ಮಳೆಗಾಲ ಮರಿಗಳಿಗೆ ಊಟ ಸಿಗದಿದ್ದರೆ ಅದರ ಪೆಟ್ಟು ಮುಂದಿನ ವರ್ಷದ ಬಲೆಯಲ್ಲಿ ಕಾಣುತ್ತದೆ. ತಳದ ನೀರು ಅತಿಯಾಗಿ ಬಂದರೂ ಕಷ್ಟವೇ, ಅದರಲ್ಲಿ ಆಮ್ಲಜನಕ ಕಡಿಮೆ.

ಮೀನು ಕುಸಿದದ್ದೆಲ್ಲ ಪರ್ಸೀನ್ ಬೋಟುಗಳ (ಮೀನಿನ ಹಿಂಡನ್ನೇ ದೊಡ್ಡ ಬಲೆಯಿಂದ ಸುತ್ತುವರಿದು ಹಿಡಿಯುವ ಬೋಟು) ಕೆಲಸ ಅನ್ನುವವರಿದ್ದಾರೆ. ಮರಿಮೀನು ಬಾಚುವುದು ನಿಜ. ಆದರೆ 1940ರ ದಶಕದಲ್ಲೂ ಬೂತಾಯಿ ಹೀಗೇ ಕುಸಿದಿತ್ತು. ಆಗ ನಮ್ಮ ಕಡೆ ದಡದಿಂದ ಎಳೆಯುವ ರಂಪಣಿ ಬಲೆಯ ಕಾಲ. ಪರ್ಸೀನ್ ಬಂದದ್ದು 1970ರ ದಶಕದಲ್ಲಿ. ಮೀನು ಕುಸಿದ ವರ್ಷವೇ ಮರಿಗಳನ್ನೂ ಹಿಡಿದರೆ ಚೇತರಿಕೆ ತಡವಾಗುತ್ತದೆ ಅಂತ ನನ್ನ ಅಂದಾಜು. ಗ್ರಾಫ್ ಅದನ್ನು ಇನ್ನೂ ತೋರಿಸಿಲ್ಲ.

ಮುಂದಿನ ಕೆಲಸ: ಮೀನಿನ ಗೆರೆಯನ್ನು ಒಂದು ವರ್ಷ ಹಿಂದಕ್ಕೆ ಸರಿಸಿ ನೋಡುವುದು. ಪೆಸಿಫಿಕ್ ಜಾಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಕರಾವಳಿ ನೀರಿನ ಬಿಸಿ ಹಾಕುವುದು. ಹಿಂದೂ ಮಹಾಸಾಗರದ ಡೈಪೋಲ್‌ಗೂ (ಅದರ ಪಶ್ಚಿಮ, ಪೂರ್ವ ಭಾಗಗಳ ನೀರಿನ ಬಿಸಿಯ ವ್ಯತ್ಯಾಸ) ಒಂದು ಕಾಲಂ ತೆರೆದಿದ್ದೇನೆ, 2019 ಅದರಲ್ಲಿ ಎದ್ದು ಕಾಣುತ್ತದೆ. ಬಂಗುಡೆ ಗ್ರಾಫ್ ಕೇಳಿದವರು ಸ್ವಲ್ಪ ಕಾಯಬೇಕು.