ಕಿವಿ ಮಷೀನಿನ ಜತೆ ಒಂದು ದಿನ

ಕಿವಿ ಹಿಂದೆ ಕೂರುವ ಮಷೀನಿಗೆ ತೇವವೇ ದೊಡ್ಡ ಶತ್ರು. ಹಾಗಾಗಿ ಬೆಳಿಗ್ಗೆ ಸ್ನಾನ ಮುಗಿಸಿ, ಕಿವಿ ಮತ್ತು ಕೂದಲ ಬುಡ ಪೂರ್ತಿ ಒಣಗಿದ ಮೇಲೆಯೇ ಅದನ್ನು ಕೈಗೆತ್ತಿಕೊಳ್ಳುವುದು. ಹೊಸ ಬ್ಯಾಟರಿ ಹಾಕುವ ದಿನವಾದರೆ ಸ್ಟಿಕರ್ ಕಿತ್ತು ನಾಲ್ಕೈದು ನಿಮಿಷ ಹಾಗೇ ಬಿಡಿ. ಇದು ಗಾಳಿಯಿಂದ ಕೆಲಸ ಮಾಡುವ ಸತುವಿನ ಬ್ಯಾಟರಿ. ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಲು ಸಮಯ ಬೇಕು. ಕಿತ್ತ ತಕ್ಷಣ ತುರುಕಿದರೆ ಬೇಗ ಸೋತುಹೋಗುತ್ತದೆ. ಸ್ಟಿಕರ್ ಮತ್ತೆ ಅಂಟಿಸಿಟ್ಟರೂ ಉಳಿತಾಯವಿಲ್ಲ. ಬ್ಯಾಟರಿಯ ಅಳತೆ ಸ್ಟಿಕರ್ ಬಣ್ಣದಿಂದ ಗೊತ್ತಾಗುತ್ತದೆ: 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ.

ಆನ್ ಮಾಡಿ ಅಂಗೈಯಲ್ಲಿ ಮುಚ್ಚಿ ಹಿಡಿದರೆ ಸಾಮಾನ್ಯವಾಗಿ 'ಕುಂಯ್' ಎನ್ನುತ್ತದೆ. ನಿಮಗೆ ಕೇಳದಿದ್ದರೆ ಮನೆಯವರನ್ನು ಕೇಳಿ. ಸದ್ದಿಲ್ಲವಾದರೆ ಬ್ಯಾಟರಿ ತಿರುಗುಮುರುಗಾಗಿದೆಯೇ, ಕಿವಿಯೊಳಗೆ ಕೂರುವ ಅಚ್ಚಿನ ತೂತಿನಲ್ಲಿ ಗುಗ್ಗೆ ಕಟ್ಟಿದೆಯೇ, ಅದನ್ನು ಮಷೀನಿಗೆ ಜೋಡಿಸುವ ಟ್ಯೂಬಿನೊಳಗೆ ನೀರಿನ ಹನಿ ನಿಂತಿದೆಯೇ ನೋಡಿ. ಹನಿಯಿದ್ದರೆ ಟ್ಯೂಬನ್ನು ಮಷೀನಿಂದ ಬಿಡಿಸಿ, ರಬ್ಬರ್ ಬ್ಲೋವರ್‌ನಿಂದ ಊದಿ. ಬಾಯಿಂದ ಊದಬೇಡಿ, ಉಸಿರಲ್ಲೂ ತೇವವಿದೆ. ಮಷೀನು ಸರಿಯಿದ್ದೂ ನಿನ್ನೆಯವರೆಗೆ ಕೇಳುತ್ತಿದ್ದ ಕಿವಿ ಇವತ್ತು ಇದ್ದಕ್ಕಿದ್ದಂತೆ ಮಂದವಾಗಿದ್ದರೆ ಅದು ರಿಪೇರಿಯ ವಿಷಯವಲ್ಲ. ಅವತ್ತೇ ಕಿವಿ ಡಾಕ್ಟರ ಹತ್ತಿರ ಹೋಗಬೇಕು. ದಿನ ಕಳೆದಷ್ಟೂ ಔಷಧಿ ನಾಟುವ ಸಾಧ್ಯತೆ ಕಡಿಮೆಯಾಗುತ್ತದೆ.

ಕಿವಿಗೆ ಹಾಕಿದ ಮೇಲೂ ಕುಂಯ್‌ಗುಡುತ್ತಿದ್ದರೆ ಶಬ್ದ ಎಲ್ಲೋ ಹೊರಗೆ ಸೋರುತ್ತಿದೆ. ಅಚ್ಚು ಸರಿಯಾಗಿ ಕೂತಿಲ್ಲ, ಟ್ಯೂಬ್ ಬಿರುಕು ಬಿಟ್ಟಿದೆ, ಇಲ್ಲವೇ ಗುಗ್ಗೆಗೆ ಬಡಿದು ಶಬ್ದ ವಾಪಸ್ ಬರುತ್ತಿದೆ. ವಾಲ್ಯೂಮ್ ತಗ್ಗಿಸಿದರೆ ಕೂಗು ನಿಲ್ಲುತ್ತದೆ, ಆದರೆ ಮಾತೂ ಹೋಗುತ್ತದೆ. ಟ್ಯೂಬ್ ಹಳದಿಯಾಗಿ ಗಟ್ಟಿಯಾದರೆ ಬದಲಿಸಿ. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಿಗೊಮ್ಮೆ.

ಇಷ್ಟೆಲ್ಲ ಸರಿಯಿದ್ದರೂ 'ಕೇಳಿಸುತ್ತೆ, ಏನಂದ್ರು ಅಂತ ಗೊತ್ತಾಗಲ್ಲ' ಎನ್ನುವ ಪಾಡು ತಪ್ಪದು. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ಥಾಯಿ. ಸ್ವರಗಳ ಗಟ್ಟಿ ಸದ್ದು ಉಳಿಯುತ್ತದೆ, ಸ, ಶ, ತ, ಕ, ಹ ಮಾಸುತ್ತವೆ. ಸರಿ, ತರಿ, ಕರಿ, ಹರಿ ಎಲ್ಲವೂ 'ಅರಿ'ಯಾಗಿ ಬಂದು ಬೀಳುತ್ತವೆ. ಎದುರಿನವರು ಕಿರುಚಿದರೆ ಹಿಗ್ಗುವುದು ಆ 'ಅ'ಕಾರವೇ ಹೊರತು ವ್ಯಂಜನವಲ್ಲ. ತುಟಿಯ ಆಕಾರವೂ ಕೆಡುತ್ತದೆ. ಕಿರುಚುವ ಬದಲು ಹತ್ತಿರ ಬನ್ನಿ ಎಂದು ಕೇಳಿಕೊಳ್ಳಿ. ಬಯಲಲ್ಲಿ ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಹೆಚ್ಚುತ್ತದೆ, ಹಿಂದಿನ ಗದ್ದಲ ಇದ್ದಷ್ಟೇ ಇರುತ್ತದೆ. ಒಂದು ಮೀಟರ್ ಒಳಗೆ, ಬೆಳಕು ಮಾತಾಡುವವರ ಮುಖದ ಮೇಲೆ ಬೀಳುವಂತೆ. ಕಿಟಕಿಗೆ ಬೆನ್ನು ಹಾಕಿ ನಿಂತವರ ತುಟಿ ಕಾಣುವುದಿಲ್ಲ. ತುಟಿ ನೋಡಿದರೂ ಮರ, ಬರ, ಪರ ಒಂದೇ ಥರ ಕಾಣುತ್ತವೆ, ಆದ್ದರಿಂದ ವಿಷಯ ಯಾವುದೆಂದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

'ಆಂ?' ಎಂದರೆ ಅದೇ ವಾಕ್ಯ ಇನ್ನೂ ಜೋರಾಗಿ ವಾಪಸ್ ಬರುತ್ತದೆ. 'ಎಷ್ಟು ಗಂಟೆಗೆ ಅಂದ್ರಿ?' ಎಂದು ಕೇಳಿದರೆ ಬೇಕಾದ ತುಣುಕು ಮಾತ್ರ ಬರುತ್ತದೆ. ಕೇಳದಿದ್ದರೂ ತಲೆಯಾಡಿಸುವುದು ಮಾತ್ರ ಬೇಡ. ಔಷಧಿ, ದುಡ್ಡು, ತಾರೀಖಿನ ಮಾತಾದರೆ ಬರೆಸಿಕೊಳ್ಳಿ, ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ತಲೆ ಭಾರವಾಗುವುದು ಸಹಜ, ಬಿಟ್ಟ ಅಕ್ಷರಗಳನ್ನು ಊಹಿಸಿ ತುಂಬಿಕೊಳ್ಳುವುದೇ ದುಡಿಮೆ. ಮಷೀನನ್ನು ಕಿವಿಯಿಂದ ಅರ್ಧ ಗಂಟೆ ತೆಗೆದಿಡಿ. ಮನೆಯವರು ಇದನ್ನು ಮುನಿಸು ಎಂದುಕೊಳ್ಳಬಾರದು. ಹೊಸಬರಂತೂ ಮೊದಲ ದಿನಗಳಲ್ಲಿ ಕೆಲವೇ ಗಂಟೆ ಹಾಕಿ, ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಬೇಕು. ಮಿದುಳು ಹೊಂದಿಕೊಳ್ಳಲು ವಾರಗಳೇ ಹಿಡಿಯುತ್ತವೆ, ಎರಡೇ ದಿನಕ್ಕೆ ಡಬ್ಬಿಗೆ ಸೇರಿಸಿದರೆ ಆ ಅವಕಾಶವೇ ಸಿಗದು.

ಸಂಜೆ ನಾಲ್ಕಾರು ಜನ ಸೇರಿದಲ್ಲಿ ಗದ್ದಲ ಬೆನ್ನ ಹಿಂದೆ ಬರುವಂತೆ ಕೂರಿ. ದಿಕ್ಕು ಹಿಡಿಯುವ ಮೈಕ್ ಇರುವ ಮಷೀನುಗಳು ಎದುರಿನ ದನಿಗೇ ಒತ್ತು ಕೊಡುತ್ತವೆ.

ಮಲಗುವ ಮುನ್ನ ಮಷೀನನ್ನು ಒಣ ಬಟ್ಟೆಯಿಂದ ಒರೆಸಿ, ಬ್ಯಾಟರಿ ಬಾಗಿಲು ತೆರೆದು ತೇವ ಹೀರುವ ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಅಚ್ಚನ್ನು ಬೇರ್ಪಡಿಸಿ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆಯಬಹುದು, ಮಷೀನಿಗೆ ನೀರು ಸೋಕಕೂಡದು. ಹಳೆ ಬ್ಯಾಟರಿ ಮಕ್ಕಳ ಕೈಗೆ ಸಿಗದಿರಲಿ, ನುಂಗಿದರೆ ತಡಮಾಡದೆ ಆಸ್ಪತ್ರೆಗೆ. ಅಲಾರಂಗೆ ದಿಂಬಿನ ಕೆಳಗಿಡುವ, ನಡುಗಿ ಎಬ್ಬಿಸುವ ಸಾಧನ ಸಿಗುತ್ತದೆ. ಹೊಗೆ ಎಚ್ಚರಿಕೆಗೂ ಮಿನುಗುವ ದೀಪ ಜೋಡಿಸಿಕೊಳ್ಳುವುದು ಒಬ್ಬರೇ ಇರುವವರಿಗೆ ಅಗತ್ಯ.