ಚಳ್ಳೆ ಹಣ್ಣು ಮತ್ತು ಅದರ ನೆಂಟರು

ಕೊಪ್ಪಳ, ಕುಷ್ಟಗಿ ಕಡೆಯ ಹೊಲದ ಬದುಗಳಲ್ಲಿ ಕಾಣಸಿಗುವ ಚಳ್ಳೆ ಮರವನ್ನು ಸಸ್ಯಶಾಸ್ತ್ರಜ್ಞರು ಬಹುಕಾಲದಿಂದ ಬೊರಾಜಿನೇಸಿ ಕುಟುಂಬದಲ್ಲಿ ಇರಿಸಿದ್ದಾರೆ. ಕಳ್ಳರು ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿದ ಸುದ್ದಿಯನ್ನು ಆಗಾಗ ಓದುವ ನಮ್ಮಲ್ಲಿ, ಆ ಹಣ್ಣನ್ನು ನಿಜವಾಗಿ ತಿಂದವರು ವಿರಳ.

ಮಾಗಿದ ಹಣ್ಣನ್ನು ಹಿಸುಕಿದರೆ ಪಾರದರ್ಶಕವಾದ, ನವಿರು ಸಿಹಿಯ ಲೋಳೆ ಹೊರಬಂದು ಬೆರಳುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ. ಕಾಗದ ಅಂಟಿಸಲು ಅದನ್ನು ಬಳಸುತ್ತಿದ್ದುದೂ ಇದೇ ಕಾರಣಕ್ಕೆ. ನನ್ನ ಮಟ್ಟಿಗೆ ಹಣ್ಣಿಗಿಂತ ಹಸಿರು ಕಾಯಿಯೇ ಮೇಲು. ಕಾಯಿಯನ್ನು ಜಜ್ಜಿ, ಉಪ್ಪು ಹಚ್ಚಿದ ಕಡ್ಡಿಯಿಂದ ಬೀಜವನ್ನೂ ಲೋಳೆಯನ್ನೂ ತೆಗೆದು, ಸಾಸಿವೆ ಮತ್ತು ಖಾರದ ಪುಡಿಯೊಂದಿಗೆ ಹಾಕಿದ ಉಪ್ಪಿನಕಾಯಿ ಜೋಳದ ರೊಟ್ಟಿಗೆ ಚೆನ್ನಾಗಿ ಒಗ್ಗುತ್ತದೆ. ಆಯುರ್ವೇದದಲ್ಲಿ ಶ್ಲೇಷ್ಮಾತಕವೆಂದೂ ಯುನಾನಿಯಲ್ಲಿ ಸಪಿಸ್ತಾನ್ ಎಂದೂ ಕರೆಯಲಾಗುವ ಈ ಹಣ್ಣನ್ನು ಒಣಗಿಸಿ, ಕೆಮ್ಮು ನೆಗಡಿಯ ಕಷಾಯಕ್ಕೆ ಸೇರಿಸುವ ರೂಢಿ ಹಳೆಯದು.

ಇದೇ ಬಳಗದ ಚೇಳುಕೊಂಡಿ ಗಿಡದ ವಿಷಯ ಬೇರೆ. ಅದರ ಎಲೆಯ ರಸವನ್ನು ಗಾಯಕ್ಕೆ ಹಚ್ಚುವ ವಾಡಿಕೆ ಇದ್ದರೂ, ಅದರಲ್ಲಿರುವ ಪೈರೊಲಿಜಿಡೀನ್ ಆಲ್ಕಲಾಯ್ಡ್‌ಗಳು ಯಕೃತ್ತಿಗೆ ಹಾನಿಕರವಾದ್ದರಿಂದ ಅದನ್ನು ಹೊಟ್ಟೆಗೆ ತೆಗೆದುಕೊಳ್ಳಲೇಬಾರದು.