ದೋಣಿಗೆ ದಾರಿ ಕೊಡದ ತೆತಿಯಾರೋವಾ

ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿ, ತಾಹಿತಿ ದ್ವೀಪದಿಂದ ಉತ್ತರಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ, ಹವಳದ ದಿಬ್ಬ ಸುತ್ತುವರಿದ ಒಂದು ಲಗೂನಿನ (ಆಳವಿಲ್ಲದ ಕಡಲಕೊಳದ) ಸುತ್ತ ಚದುರಿದ ಹನ್ನೆರಡರಷ್ಟು ಪುಟ್ಟ ದ್ವೀಪಗಳು ಸಿಗುತ್ತವೆ. ಅದೇ ತೆತಿಯಾರೋವಾ. 1960ರ ದಶಕದಲ್ಲಿ ನಟ ಮಾರ್ಲನ್ ಬ್ರಾಂಡೋ ಇದನ್ನು ಕೊಂಡಿದ್ದರು. ಇಲ್ಲಿನ ಒನೆತಾಹಿ ದ್ವೀಪದಲ್ಲಿ 2014ರಲ್ಲಿ ತೆರೆದದ್ದು 35 ವಿಲ್ಲಾಗಳ ‘ದಿ ಬ್ರಾಂಡೋ’ ರೆಸಾರ್ಟ್. ಒಂದು ರಾತ್ರಿಯ ಬಾಡಿಗೆಯೇ ಸಾವಿರಾರು ಡಾಲರ್.

ಸುತ್ತಲಿನ ಹವಳದ ದಿಬ್ಬದಲ್ಲಿ ದೊಡ್ಡ ದೋಣಿ ಒಳನುಗ್ಗುವಂಥ ಒಂದೂ ಕಂಡಿಯಿಲ್ಲ. ಹಾಗಾಗಿ ಅತಿಥಿಗಳು ತಾಹಿತಿಯ ರಾಜಧಾನಿ ಪಪೀಟೆಯ ಫಾ’ಆ ವಿಮಾನ ನಿಲ್ದಾಣದಿಂದ ಪುಟ್ಟ ವಿಮಾನದಲ್ಲಿ ಬರುತ್ತಾರೆ. ಇಪ್ಪತ್ತು ನಿಮಿಷದ ಹಾರಾಟ. ಸಾಮಾನು ಕಡಿಮೆಯಿರಲಿ. ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಮೆರಿಕದ ಮೂಲಕ ಹೋಗುವವರಿಗೆ ಅಲ್ಲಿ ವಿಮಾನ ಬದಲಿಸಲಿಕ್ಕೂ ಆ ದೇಶದ ವೀಸಾ ಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಮಾಮೂಲಿ ಷೆಂಗೆನ್ ವೀಸಾ ಕೈಯಲ್ಲಿದ್ದರೆ ಸಾಕೆಂದುಕೊಂಡವರು ಎಡವುವುದು ಇಲ್ಲೇ: ಫ್ರೆಂಚ್ ಪಾಲಿನೇಷ್ಯಾ ಷೆಂಗೆನ್ ವಲಯದೊಳಗಿಲ್ಲ. ಟಿಕೆಟ್ ಕೊಳ್ಳುವ ಮೊದಲೇ ಫ್ರೆಂಚ್ ವೀಸಾ ಕಚೇರಿಯಲ್ಲಿ ಕೇಳಿಕೊಳ್ಳಿ. ತಾಹಿತಿಯ ಗಡಿಯಾರ ನಮ್ಮದಕ್ಕಿಂತ ಹದಿನೈದೂವರೆ ಗಂಟೆ ಹಿಂದೆ. ಬುಕಿಂಗ್ ತಾರೀಖು ತಪ್ಪುವುದು ಸುಲಭ. ಪಪೀಟೆಗೆ ರಾತ್ರಿ ಇಳಿಯುವ ವಿಮಾನವಾದರೆ ಒಂದು ರಾತ್ರಿ ಅಲ್ಲೇ ತಂಗುವ ಲೆಕ್ಕ ಹಾಕಿ.

ದೋಣಿಯನ್ನು ತಡೆಯುವ ದಿಬ್ಬದ ಹೊರಮೈಯೇ ರೆಸಾರ್ಟಿಗೆ ತಂಪು ಕೊಡುತ್ತದೆ. ದಿಬ್ಬ ದಾಟಿದೊಡನೆ ಕಡಲು ಕಡಿದಾಗಿ ಆಳಕ್ಕಿಳಿಯುವುದರಿಂದ, ಬಹುದೂರ ಪೈಪ್ ಎಳೆಯದೆಯೇ 900 ಮೀಟರಿಗೂ ಕೆಳಗಿನ ನೀರು ಸಿಗುತ್ತದೆ. ಅದರ ಉಷ್ಣಾಂಶ ಸುಮಾರು 5 ಡಿಗ್ರಿ. ಈ ಉಪ್ಪುನೀರು ಕೋಣೆಗಳಿಗೆ ಬರುವುದಿಲ್ಲ. ಎರಡು ನೀರೂ ಬೆರೆಯದೆ ಶಾಖ ಮಾತ್ರ ದಾಟುವ ಶಾಖ ವಿನಿಮಯಕದಲ್ಲಿ ಸಿಹಿನೀರನ್ನು ತಣಿಸುತ್ತದೆ, ಕೋಣೆಗಳ ಪೈಪುಗಳಲ್ಲಿ ಸುತ್ತುವುದು ಆ ಸಿಹಿನೀರು. ಕಂಪ್ರೆಸರ್ ಇಲ್ಲ, ಪಂಪಿನ ವಿದ್ಯುತ್ತಷ್ಟೇ ಖರ್ಚು. ಅದರ ಬಹುಪಾಲು ರನ್‌ವೇ ಪಕ್ಕದ ಸೌರಫಲಕಗಳದ್ದು. ವಿಲ್ಲಾದ ಬಾಗಿಲು ತೆರೆದಿಟ್ಟು ತಂಪಿಲ್ಲವೆಂದು ದೂರಬೇಡಿ. ತೇವದ ಗಾಳಿ ಒಳಬಂದರೆ ತಣ್ಣನೆಯ ಮೈಗಳ ಮೇಲೆ ಹನಿಗಟ್ಟುತ್ತದೆ.

ಇಲಿ ಕೊರೆದ ತೆಂಗಿನಕಾಯಿಯಲ್ಲಿ ಮಳೆನೀರು ನಿಂತರೆ ಏನಾಗುತ್ತದೆಂದು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಈಡಿಸ್ ಪಾಲಿನೇಸಿಯೆನ್ಸಿಸ್ ಎಂಬ ಸೊಳ್ಳೆ ಅಲ್ಲಿಯೂ, ಏಡಿಬಿಲಗಳಲ್ಲಿಯೂ ಹುಟ್ಟುತ್ತದೆ. ಔಷಧ ಸಿಂಪಡಿಸಿದರೆ ಉಳಿದ ಕೀಟಗಳೂ ಸಾಯುತ್ತವೆ. ಅದಕ್ಕೆ ತಾಹಿತಿಯ ಲೂಯಿ ಮಲಾರ್ದೆ ಸಂಸ್ಥೆ ಅಲ್ಲಿನ ಹೆಣ್ಣುಸೊಳ್ಳೆಗಳಲ್ಲಿರುವುದಕ್ಕಿಂತ ಬೇರೆ ಬಗೆಯ ವೊಲ್ಬಾಕಿಯಾ ಬ್ಯಾಕ್ಟೀರಿಯಾ ಹೊತ್ತ ಗಂಡುಸೊಳ್ಳೆಗಳನ್ನು ಬಿಟ್ಟಿತು. ಇವುಗಳೊಡನೆ ಕೂಡಿದ ಹೆಣ್ಣಿನ ಮೊಟ್ಟೆ ಒಡೆಯುವುದಿಲ್ಲ. ಗಂಡು ಕಚ್ಚುವುದೂ ಇಲ್ಲ. 2022ರಲ್ಲಿ ಇಲಿಗಳ ನಿರ್ಮೂಲನೆಯನ್ನೂ ಕೈಗೊಂಡರು, ಮುಖ್ಯವಾಗಿ ಕಡಲಹಕ್ಕಿಗಳ ಮೊಟ್ಟೆ-ಮರಿಗಳಿಗಾಗಿ.

ಮೇ–ಅಕ್ಟೋಬರ್ ಮಳೆ ಕಡಿಮೆ. ಹಂಪ್‌ಬ್ಯಾಕ್ ತಿಮಿಂಗಿಲಗಳಿಗೆ ಆಗಸ್ಟ್–ಅಕ್ಟೋಬರ್ ಒಳ್ಳೆಯ ಕಾಲ. ಹಸಿರು ಕಡಲಾಮೆ ಮೊಟ್ಟೆಯಿಡಲು ಬರುವುದು ಅಲ್ಲಿನ ಮಳೆಗಾಲದಲ್ಲಿ. ಹವಳ ಕಾಲು ಸೀಳುತ್ತದೆ, ರಬ್ಬರ್ ಅಡಿಯ ನೀರ್ಬೂಟು ತನ್ನಿ. ಸಸ್ಯಾಹಾರಿಗಳು ಬುಕಿಂಗ್ ಹೊತ್ತಲ್ಲೇ ತಿಳಿಸಬೇಕು. ಅಲ್ಲಿನ ಹೆಸರಾಂತ ತಿನಿಸು ನಿಂಬೆರಸ, ತೆಂಗಿನಹಾಲಿನಲ್ಲಿ ಕಲಸಿದ ಹಸಿ ಮೀನು.

ಅಷ್ಟು ಹಣವಿಲ್ಲದವರಿಗೆ ಪಪೀಟೆಯಿಂದ ಕ್ಯಾಟಮರಾನಿನಲ್ಲಿ ಒಂದು ದಿನದ ಪ್ರವಾಸವಿದೆ. ರೆಸಾರ್ಟಿಗೆ ಪ್ರವೇಶವಿಲ್ಲ. ದಿಬ್ಬದ ಹೊರಗೆ ದೋಣಿ ಕಟ್ಟಿ, ಪುಟ್ಟ ತೆಪ್ಪದಲ್ಲಿ ಅಲೆ ನೋಡಿಕೊಂಡು ಒಳದಾಟಿಸುತ್ತಾರೆ. ಅಲೆ ಜೋರಿದ್ದರೆ ಇಳಿಸುವುದಿಲ್ಲ, ಆದ್ದರಿಂದ ಮರಳಿ ಹಾರುವ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ.